ಗ್ರಾಂ ಲೆಕ್ಕವನ್ನು ಲೋಟಕ್ಕೆ ಇಳಿಸಿದ್ದು

ವಿಡಿಯೋದವರು ‘ಮೈದಾ 250 ಗ್ರಾಂ, ಸಕ್ಕರೆ 150 ಗ್ರಾಂ’ ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ಮನೆಯಲ್ಲಿ ತಕ್ಕಡಿ ಇರಬೇಕಲ್ವಾ? ಗಂಗಾವತಿಯ ನಮ್ಮ ಮನೆಯಲ್ಲಿ ಅತ್ತೆಯವರು ಅಕ್ಕಿ, ಜೋಳ ಎಲ್ಲವನ್ನೂ ಸೇರು, ಪಾವಿನಲ್ಲೇ ಅಳೆಯುವವರು. ‘ಗ್ರಾಂ ಅಂಗಡಿಯವನ ಲೆಕ್ಕ’ ಅಂತಾರೆ.

ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ಕಪ್ ಅಂದರೆ 240 ಮಿ.ಲೀ. ನಮ್ಮ ಸ್ಟೀಲ್ ಲೋಟ ಅದಕ್ಕಿಂತ ಚಿಕ್ಕದು. ಕೊನೆಗೆ ಹೊಸ ಪ್ಯಾಕೆಟ್ಟನ್ನೇ ತಕ್ಕಡಿ ಮಾಡಿಕೊಂಡೆ. ಅದರ ಮೇಲೆ ತೂಕ ಬರೆದೇ ಇರುತ್ತದೆ. ಅರ್ಧ ಕಿಲೋ ರವೆ ಒಡೆದು ಅಳೆದರೆ ನಾಲ್ಕು ಲೋಟ ಬಂತು, ಲೋಟಕ್ಕೆ 125 ಗ್ರಾಂ. ಸಕ್ಕರೆ ಕಿಲೋಗೆ ಆರೂವರೆ ಲೋಟ. ಮೈದಾ ಮಾತ್ರ ಹತ್ತೂವರೆ! ಅಂದರೆ ಲೋಟಕ್ಕೆ ಬರೀ 95 ಗ್ರಾಂ. ಹಾಗಾಗಿ 250 ಗ್ರಾಂ ಮೈದಾಕ್ಕೆ ಎರಡೂವರೆ ಲೋಟದ ಮೇಲೆ ಎರಡು ಚಮಚ, 150 ಗ್ರಾಂ ಸಕ್ಕರೆಗೆ ಒಂದು ಲೋಟ.

ಸಕ್ಕರೆಯದು ರಗಳೆ ಇಲ್ಲ. ಹಿಟ್ಟು ಹಾಗಲ್ಲ. ಡಬ್ಬಿಯೊಳಗೆ ಲೋಟ ಒತ್ತಿ ತುಂಬಿದರೆ, ಸುಮ್ನೆ ಕುಟ್ಟಿದರೂ ಸಾಕು, ತೂಕ ಜಾಸ್ತಿಯಾಗುತ್ತದೆ. ಚಮಚದಿಂದ ಸಡಿಲವಾಗಿ ಸುರಿದು, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಬೇಕು.

ಉಪ್ಪಿಗೆ ಇಷ್ಟೆಲ್ಲ ಬೇಡ. ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ.