ಎಂಜಿನಿಯರಿಂಗ್ ಪಿಎಚ್‌.ಡಿ.: ಗೈಡ್‌ಗೆ ಮೊದಲ ಮೇಲ್ ಕಳಿಸುವ ಮುನ್ನ

ವಿದೇಶದಲ್ಲಿ ಎಂಜಿನಿಯರಿಂಗ್ ಪಿಎಚ್‌.ಡಿ. ಮಾಡಬೇಕೆಂದು ಹೊರಟವರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯಗಳ ರ‍್ಯಾಂಕಿಂಗ್ ಪಟ್ಟಿ ತೆರೆದು ಕೂರುತ್ತಾರೆ. ದಾರಿ ತಪ್ಪುವುದು ಅಲ್ಲೇ. ನಾಲ್ಕೈದು ವರ್ಷ ಕಳೆಯಬೇಕಾದ್ದು ಒಂದು ಲ್ಯಾಬಿನಲ್ಲಿ, ಒಬ್ಬ ಗೈಡ್ ಕೈಕೆಳಗೆ. ಹುಡುಕಾಟವೂ ಅಲ್ಲಿಂದಲೇ ಶುರುವಾಗಲಿ.

ಮೊದಲು ನಿಮ್ಮ ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. 'ಬ್ಯಾಟರಿ ತಂತ್ರಜ್ಞಾನ' ಎಂದರೆ ಬರೀ ಬೋರ್ಡು. 'ಲಿಥಿಯಂ ಅಯಾನ್ ಸೆಲ್ಲನ್ನು ವೇಗವಾಗಿ ಚಾರ್ಜ್ ಮಾಡಿದಾಗ ಆನೋಡ್ (ಸೆಲ್ಲಿನ ಋಣ ವಿದ್ಯುದ್ವಾರ) ಮೇಲೆ ಲೋಹದ ಪದರ ಕೂರುವುದನ್ನು ಸೆಲ್ ಬಿಚ್ಚದೆ ಪತ್ತೆ ಹಚ್ಚುವುದು ಹೇಗೆ?' ಎಂದರೆ ಅದು ಸಮಸ್ಯೆ. ಇದನ್ನಿಟ್ಟುಕೊಂಡು ಗೂಗಲ್ ಸ್ಕಾಲರ್‌ನಲ್ಲಿ ಕಳೆದ ಮೂರು ವರ್ಷದ ಪೇಪರ್‌ಗಳನ್ನು ಹುಡುಕಿ, ಹತ್ತು ಹದಿನೈದನ್ನಾದರೂ ಓದಿ. ಕೆಲವೇ ಹೆಸರುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಲೇಖಕರ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೊನೆಯ ಹೆಸರು ಲ್ಯಾಬಿನ ಮುಖ್ಯಸ್ಥರದು, ಮೊದಲನೆಯದು ವಿದ್ಯಾರ್ಥಿಯದು. ಆ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ಲ್ಯಾಬಿನ ಪುಟದಲ್ಲಿ ನೋಡಿ. ನಡುವೆಯೇ ಬಿಟ್ಟುಹೋದವರು ಹೆಚ್ಚಿದ್ದರೆ ಯೋಚಿಸಿ.

ಇನ್ನು ಪ್ರವೇಶ ಮತ್ತು ಹಣ. ಅಮೆರಿಕದಲ್ಲಿ ಪ್ರವೇಶ ಸಿಗುವುದು ವಿಶ್ವವಿದ್ಯಾಲಯದ ಆಯಾ ವಿಭಾಗದ ಮೂಲಕ. ಡಿಸೆಂಬರ್ ಆಸುಪಾಸಿನಲ್ಲಿ ಅರ್ಜಿ ಮುಗಿಯುತ್ತದೆ, ಬಿ.ಇ. ಮುಗಿಸಿ ನೇರ ಹೋಗುವವರೂ ಇದ್ದಾರೆ. ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್‌ಗಳಲ್ಲಿ ಪಿಎಚ್‌.ಡಿ. ಹೆಚ್ಚಾಗಿ ಸಂಬಳದ ನೌಕರಿ. ಜಾಹೀರಾತು ವರ್ಷವಿಡೀ ಬರುತ್ತದೆ, ಸ್ನಾತಕೋತ್ತರ ಪದವಿ ಕೇಳುತ್ತಾರೆ. ಐರೋಪ್ಯ ಒಕ್ಕೂಟ ಹಣ ಕೊಡುವ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಹುದ್ದೆಗಳು ಯೂರಾಕ್ಸೆಸ್ ಜಾಲತಾಣದಲ್ಲಿ ಸಿಗುತ್ತವೆ. ಇಲ್ಲೊಂದು ಕೊಕ್ಕೆ ಇದೆ: ನೇಮಕಾತಿಗೆ ಹಿಂದಿನ 36 ತಿಂಗಳಲ್ಲಿ ಹುದ್ದೆ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು. ಈಚೆಗೆ ಅದೇ ದೇಶದಲ್ಲಿ ಎರಡು ವರ್ಷದ ಎಂ.ಎಸ್. ಮುಗಿಸಿದವರು ಎಷ್ಟೇ ಅಂಕವಿದ್ದರೂ ಹೊರಬೀಳುವುದು ಈ ನಿಯಮದಿಂದ.

ಈಗ ಮೇಲ್. 'ನಿಮ್ಮ ಸಂಶೋಧನೆ ಓದಿ ಬಹಳ ಪ್ರಭಾವಿತನಾದೆ' ಎಂಬ ಸಾಲು ನೂರು ಪ್ರೊಫೆಸರರಿಗೂ ಹೊಂದುತ್ತದೆ, ಆದ್ದರಿಂದಲೇ ಅದು ಡಿಲೀಟ್ ಆಗುತ್ತದೆ. ಬದಲಿಗೆ ಹೀಗೆ ಬರೆಯಬಹುದು: 'ನಿಮ್ಮ ಪೇಪರಿನಲ್ಲಿ ಪ್ರಯೋಗ 25 ಡಿಗ್ರಿಯಲ್ಲಷ್ಟೇ ನಡೆದಿದೆ. ತಣ್ಣಗಿದ್ದಾಗ ಪದರ ಬೇಗ ಕೂರುತ್ತದೆ, ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಸೆಲ್ ಒಡ್ಡುವ ತಡೆ) ಕೂಡ ಏರುತ್ತದೆ. 0 ಡಿಗ್ರಿಯಲ್ಲಿ ಪದರದ ಸಂಕೇತವನ್ನು ಅದರಿಂದ ಬೇರ್ಪಡಿಸಲು ಆದೀತೇ?' ಇದರ ಬೆನ್ನಿಗೆ ನಿಮ್ಮ ಪ್ರಾಜೆಕ್ಟಿನಲ್ಲಿ ಅಳೆದದ್ದೇನು, ಯಾವ ಉಪಕರಣ, ಯಾವ ಸಾಫ್ಟ್‌ವೇರ್ ಎಂದು ಎರಡು ಸಾಲು. ಒಟ್ಟು 200 ಪದ ಮೀರದಿರಲಿ. ಎರಡು ಪುಟದ ಸಿವಿ ಮತ್ತು ಅಂಕಪಟ್ಟಿ ಒಂದೇ ಪಿಡಿಎಫ್‌ನಲ್ಲಿರಲಿ. ಒಂದೇ ವಿಭಾಗದ ನಾಲ್ವರಿಗೆ ಒಂದೇ ಮೇಲ್ ಕಳಿಸಬೇಡಿ, ಅವರು ಕೂರುವುದು ಅಕ್ಕಪಕ್ಕದ ಕೋಣೆಗಳಲ್ಲಿ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಕೈಬಿಡಿ.

ಶಿಫಾರಸು ಪತ್ರಗಳು ಸಾಮಾನ್ಯವಾಗಿ ಎರಡೋ ಮೂರೋ ಬೇಕು. ಆರು ವಾರ ಮೊದಲೇ ಕೇಳಿ. ನೂರು ಜನರ ತರಗತಿಗೆ ಪಾಠ ಮಾಡಿದ ವಿಭಾಗ ಮುಖ್ಯಸ್ಥರಿಗಿಂತ ನಿಮ್ಮ ಪ್ರಾಜೆಕ್ಟ್ ನೋಡಿಕೊಂಡ ಉಪನ್ಯಾಸಕರ ಪತ್ರಕ್ಕೆ ತೂಕ ಜಾಸ್ತಿ.

ಸಂದರ್ಶನದಲ್ಲಿ ನೀವೂ ಕೇಳಿ: ಹಣ ಎಷ್ಟು ವರ್ಷಕ್ಕೆ ಖಾತ್ರಿ, ಗೈಡ್ ಎಷ್ಟು ದಿನಕ್ಕೊಮ್ಮೆ ಸಿಗುತ್ತಾರೆ, ಈಗಿನ ವಿದ್ಯಾರ್ಥಿಗಳ ಜತೆ ಪ್ರತ್ಯೇಕವಾಗಿ ಮಾತನಾಡಬಹುದೇ. ಕಂಪನಿಯ ಹಣದ ಯೋಜನೆಯಾದರೆ ಗೋಪ್ಯತೆಯ ಷರತ್ತು ಓದದೆ ಸಹಿ ಹಾಕಬೇಡಿ, ಪೇಪರ್ ಪ್ರಕಟಣೆ ತಿಂಗಳುಗಟ್ಟಲೆ ತಡೆಯುವುದು ಅದೇ. ಅಮೆರಿಕದಿಂದ ಫಂಡಿಂಗ್ ಸಹಿತ ಆಫರ್ ಬಂದರೆ ಏಪ್ರಿಲ್ 15 ನೆನಪಿರಲಿ. ಅಲ್ಲಿನ ಸ್ನಾತಕೋತ್ತರ ಶಾಲೆಗಳ ಮಂಡಳಿಯ (ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್) ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಅದಕ್ಕೆ ಮುಂಚೆ ಉತ್ತರ ಕೊಡಲೇಬೇಕೆಂದು ನಿಮ್ಮನ್ನು ಒತ್ತಾಯಿಸುವಂತಿಲ್ಲ.