ಸೊಂಟ ಹಿಡಿದುಕೊಂಡಾಗ ಹಾಸಿಗೆ ಹಿಡಿಯಬೇಡಿ

ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಸೊಂಟದಲ್ಲಿ ಫಳಕ್ ಅಂತ ಚಳುಕು ಹೊಡೆಯಿತು ಅಂದರೆ ನಾವೆಲ್ಲ ಮಾಡುವುದು ಒಂದೇ, ಹೋಗಿ ಮಲಗುವುದು. ಒಂದು ದಿನ ಸರಿ. ಆಮೇಲೂ ಮಲಗಿಯೇ ಇದ್ದರೆ ಮೈ ಇನ್ನಷ್ಟು ಬಿಗಿಯುತ್ತದೆ, ಏಳುವ ಹೆದರಿಕೆಯೂ ಜಾಸ್ತಿಯಾಗುತ್ತದೆ. ಸಾಮಾನ್ಯ ಸೊಂಟನೋವು ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಓಡಾಡಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಮೊದಲು ಇದು ಯಾವ ನೋವು ಅಂತ ನೋಡಿಕೊಳ್ಳಿ. ಹೊಸ ವ್ಯಾಯಾಮ ಮಾಡಿದ ಮಾರನೇ ದಿನ ತೊಡೆ, ಬೆನ್ನು ಮುಟ್ಟಿದರೆ ನೋಯುತ್ತದೆ ಅಲ್ವಾ, ಅದು ಬರೀ ಸ್ನಾಯುವಿನ ನೋವು. 12ರಿಂದ 24 ಗಂಟೆ ಬಿಟ್ಟು ಶುರುವಾಗಿ, ಎರಡು-ಮೂರನೇ ದಿನ ಜೋರಾಗಿ, ಸಾಮಾನ್ಯವಾಗಿ ವಾರದೊಳಗೆ ಹೋಗುತ್ತದೆ. ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡು ಹೀಗಾಗುತ್ತದೆ ಅನ್ನುವುದುಂಟು, ಆದರೆ ಅದು ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಭಾರ ಕೆಳಗಿಳಿಸುವಾಗ, ಮೆಟ್ಟಿಲು ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಆಗ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ, ನೋವು ಅದರದ್ದು. ಇದಕ್ಕೆ ಹಗುರ ನಡಿಗೆ, ಶಾಖ, ನಿದ್ದೆ ಸಾಕು.

ನೋವಿನ ಜೊತೆ ಪಾದ ಎತ್ತಲಾಗದಿದ್ದರೆ, ತೊಡೆಸಂದಿ ಮರಗಟ್ಟಿದರೆ, ಮಲಮೂತ್ರದ ಹತೋಟಿ ತಪ್ಪಿದರೆ, ಬಿದ್ದ ಮೇಲೆ ಅಥವಾ ಜ್ವರದ ಜೊತೆ ನೋವು ಬಂದಿದ್ದರೆ ವ್ಯಾಯಾಮ ಬೇಡ. ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಉಳಿದವರು ಹೀಗೆ ಶುರುಮಾಡಿ. ಮಂಡಿ, ಅಂಗೈ ನೆಲಕ್ಕೆ ಊರಿ, ಮೈಮುರಿಯುವ ಬೆಕ್ಕಿನ ಹಾಗೆ ಬೆನ್ನನ್ನು ಮೇಲಕ್ಕೆ ಬಾಗಿಸಿ, ಮೆಲ್ಲಗೆ ಕೆಳಗಿಳಿಸಿ, ಆರೇಳು ಸಲ. ಅಲ್ಲಿಂದಲೇ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ 8-10 ಸೆಕೆಂಡ್ ನಿಲ್ಲಿ, ಆಮೇಲೆ ಇನ್ನೊಂದು ಜೊತೆ. ಕಾಲನ್ನು ತುಂಬಾ ಮೇಲೆತ್ತಿದರೆ ಸೊಂಟ ಕುಸಿಯುತ್ತದೆ, ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಹಿಮ್ಮಡಿಯಿಂದ ಹಿಂದಿನ ಗೋಡೆ ತಳ್ಳುತ್ತಿದ್ದೇನೆ ಅಂದುಕೊಳ್ಳಿ, ಹೊಟ್ಟೆ ತಾನಾಗಿ ಬಿಗಿಯುತ್ತದೆ. ಉಸಿರು ಹಿಡಿಯಬೇಡಿ. ಕೊನೆಗೆ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೇಲೆತ್ತಿ. ಭಾರ ಹಿಮ್ಮಡಿಯ ಮೇಲಿರಲಿ. ಕುಂಡಿ ಬಿಗಿಯಬೇಕು, ಬೆನ್ನಲ್ಲ.

ಹಾಸಿಗೆಯಿಂದ ಎದ್ದ ಕೂಡಲೇ ಮಾತ್ರ ಬೇಡ. ರಾತ್ರಿ ಬೆನ್ನಿನ ಡಿಸ್ಕ್‌ಗಳು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು, ನೀರು ಹೀರಿ ಉಬ್ಬಿರುತ್ತವೆ, ಬಗ್ಗಿದರೆ ಒತ್ತಡ ಜಾಸ್ತಿ. ಒಂದು ಗಂಟೆ ಓಡಾಡಿ ಆಮೇಲೆ ಮಾಡಿ.

ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ, ಮರುದಿನ ಬೆಳಿಗ್ಗೆ ಸೊಂಟ ಹೇಗಿದೆ ನೋಡಿ. ನಿನ್ನೆಯಷ್ಟೇ ಇದ್ದರೆ ಅಥವಾ ಇಳಿದಿದ್ದರೆ ಇನ್ನೆರಡು ಸಲ ಸೇರಿಸಿ, ಏರಿದ್ದರೆ ಅರ್ಧಕ್ಕೆ ಇಳಿಸಿ, ಆದರೆ ನಡಿಗೆಯನ್ನು ಮಾತ್ರ, ಹತ್ತೇ ನಿಮಿಷವಾದರೂ ಸರಿ, ಬಿಡಬೇಡಿ.