ಪಹಣಿಯಲ್ಲಿದ್ದ ಗೋಮಾಳ ಕಬ್ಬಿನೊಳಗಿತ್ತು

ನಾನು ಮಂಡ್ಯ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಐದು ವರ್ಷ ಸದಸ್ಯನಾಗಿದ್ದೆ. ಗೆದ್ದ ಮಾರನೇ ದಿನವೇ ಮನೆ ಬಾಗಿಲಿಗೆ ಬಂದದ್ದು ಸೈಟಿನ ಅರ್ಜಿ. ನಿವೇಶನ ರಹಿತರ ಪಟ್ಟಿಯಲ್ಲಿ 71 ಕುಟುಂಬ. ಕೆಲವು ಮನೆಗಳಲ್ಲಿ ಒಂದೇ ಸೂರಿನಡಿ ಮೂರು ಒಲೆ. ಕೇಳಿದರೆ ಎಲ್ಲರದೂ ಒಂದೇ ಮಾತು, "ಊರಲ್ಲಿ ಜಾಗ ಎಲ್ಲಯ್ಯ ಅದೆ?"

ಅದು ಪೂರ್ತಿ ಸುಳ್ಳಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಹರಿಯುವ ಕಡೆಯೆಲ್ಲ ಗದ್ದೆಯಾಗಿದೆ. ಸರ್ಕಾರ ಕೊಡುವ ಬೆಲೆಗೆ ಯಾರೂ ಗದ್ದೆ ಮಾರಲ್ಲ. ನಾನೂ ಮಾರಲ್ಲ ಬಿಡಿ. ಉಳಿಯುವುದು ನೀರು ಹತ್ತದ ದಿಣ್ಣೆ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಾಗ, ಗೋಮಾಳ.

ಊರಿನ ಸರ್ಕಾರಿ ಸರ್ವೆ ನಂಬರುಗಳ ಪಹಣಿಯನ್ನೆಲ್ಲ ತೆಗೆಸಿದೆ. ಒಂದರಲ್ಲಿ ‘ಸರ್ಕಾರಿ ಗೋಮಾಳ’ ಅಂತ 1 ಎಕರೆ 20 ಗುಂಟೆ ಸಿಕ್ಕಿತು. ಫೋನಿನಲ್ಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದು ಅಲ್ಲಿಗೆ ಹೋದೆ. ಆ್ಯಪ್ ಪ್ರಕಾರ ನಾನು ನಿಂತಿದ್ದು ಗೋಮಾಳದಲ್ಲಿ. ಕಣ್ಣಿಗೆ ಕಂಡದ್ದು ಎದೆಮಟ್ಟದ ಕಬ್ಬು. ಆದರೆ ಆ್ಯಪ್ ನಂಬಿ ಯಾರ ಮೇಲೂ ಜಗಳಕ್ಕೆ ಹೋಗಬೇಡಿ. ಅದು ಒಂದಿಷ್ಟು ಆಚೀಚೆ ತೋರಿಸುತ್ತದೆ. ಸರ್ವೆಯರ್ ಅಳತೆಯೇ ಬೇಕು.

ಅಳತೆ ದಿನ ಗಡಿ ಗುರುತಿನ ಬಾಂದು ಕಲ್ಲು ಹುಡುಕುವುದಕ್ಕೇ ಅರ್ಧ ದಿನ ಹೋಯಿತು. ಕೊನೆಗೆ ಕಬ್ಬಿನ ತರಗು ಸರಿಸಿ ಅಗೆದಾಗ ಗುದ್ದಲಿ ಠಣ್ ಅಂತು. ಅಲ್ಲಿಂದ ಅಳೆದರೆ ಒತ್ತುವರಿ 22 ಗುಂಟೆ. ಕಬ್ಬು ಯಾರದು ಅಂತೀರಾ? ನಮ್ಮ ದೊಡ್ಡಪ್ಪನದು. "ಏನ್ಲಾ, ನಿನ್ನ ಗೆಲ್ಸಿದ್ದು ಇದಕ್ಕಾ?" ಅಂದರು. ಸುಮ್ನೆ ನಿಂತಿದ್ದೆ.

ತಹಶೀಲ್ದಾರರ ನೋಟಿಸ್ ಬಂದಮೇಲೂ ಬೆಳೆ ಕಡಿಯುವವರೆಗೆ ಕಾಯೋಣ ಅಂತ ನಾನೇ ಕೇಳಿಕೊಂಡೆ. ನೆಂಟಸ್ತನಕ್ಕೆ ಮಣಿದ ಅಂದವರೂ ಇದ್ದಾರೆ. ನಿಂತ ಕಬ್ಬಿನ ಮೇಲೆ ಜೆಸಿಬಿ ಹತ್ತಿಸಿದ್ದರೆ ಮರುದಿನವೇ ಕೋರ್ಟಿಗೆ ಹೋಗುತ್ತಿದ್ದರು, ಅಷ್ಟೇ. ಕಬ್ಬು ಫ್ಯಾಕ್ಟರಿಗೆ ಹೋದ ವಾರವೇ, ಕಡಿದ ಬುಡದಿಂದ ಕೂಳೆ ಚಿಗುರುವ ಮೊದಲು, ಬೇಲಿ ಹಾಕಿದೆವು. ಆ ವರ್ಷ ಹಬ್ಬಕ್ಕೆ ದೊಡ್ಡಪ್ಪ ಕರೆಯಲಿಲ್ಲ.

ಆ ಜಾಗವನ್ನು ಸೈಟಿಗೆ ಕೇಳಿ ಕಳಿಸಿದ ಫೈಲು ಒಮ್ಮೆ ವಾಪಸ್ ಬಂತು. ತಪ್ಪು ನಮ್ಮದೇ. 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು ಎನ್ನುವ ನಿಯಮವಿದೆ. ನಾವು ಊರಿನ ದನಕರುಗಳ ಲೆಕ್ಕವನ್ನೇ ಲಗತ್ತಿಸಿರಲಿಲ್ಲ. ಅದನ್ನು ಸೇರಿಸಿ ಕಳಿಸಿದಮೇಲೆ ಡಿಸಿ ಆದೇಶ ಆಯಿತು.

ಆಮೇಲೆ ನಕ್ಷೆ. 60 ಗುಂಟೆ ಅಂದರೆ 65,340 ಚದರಡಿ. 20×30 ಸೈಟಿನ ಲೆಕ್ಕದಲ್ಲಿ ನೂರಕ್ಕೂ ಜಾಸ್ತಿ ಆಗುತ್ತದಲ್ವಾ ಅಂತ ಎಲ್ಲರೂ ಕುಣಿದರು. ರಸ್ತೆ, ಚರಂಡಿ, ನೀರಿನ ಟ್ಯಾಂಕಿಗೆ ಅರ್ಧ ಹೋಯಿತು. ಒಂದು ಮೂಲೆ ಬರೀ ಬಂಡೆ. ಉಳಿದದ್ದು 48 ಸೈಟು.

ಗ್ರಾಮಸಭೆಯಲ್ಲಿ ಗಲಾಟೆಯೋ ಗಲಾಟೆ. "ಇಪ್ಪತ್ತಡಿ ರಸ್ತೆ ಯಾಕ್ಲಾ ಮಗ, ನಾವೇನ್ ಲಾರಿ ಮಡಗಿದೀವಾ?" ಅಂತ ಒಬ್ಬ ಅಜ್ಜಿ ಎದ್ದು ನಿಂತರು. "ನಿನ್ ಮೊಮ್ಮಗಳ ಹೆರಿಗೆಗೆ ಆಂಬುಲೆನ್ಸ್ ಬರೋದ್ ಬ್ಯಾಡ್ವಾ ಅಜ್ಜಿ?" ಅಂದೆ. ಸಭೆ ನಕ್ಕಿತು. ರಸ್ತೆ ಉಳಿಯಿತು. ಯಾರಿಗೆ ಸೈಟು ಅನ್ನುವುದನ್ನು ಅಲ್ಲೇ, ಎಲ್ಲರ ಎದುರಿಗೆ, ಚೀಟಿ ಎತ್ತಿಸಿ ಮುಗಿಸಿದೆವು. ಸಿಗದ 23 ಕುಟುಂಬ ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತವೆ.

ಮೊನ್ನೆ ಆ ಕಡೆ ಹೋಗಿದ್ದೆ. ಅದೇ ಅಜ್ಜಿ ಮನೆ ಮುಂದೆ ರಸ್ತೆಗೆ ಎರಡಡಿ ಚಾಚಿಕೊಂಡು ಹೊಸ ಜಗಲಿ. "ಬಾ ಮಗ, ಕೂತ್ಕೊ" ಅಂದರು. ಕೂತೆ.